ಅಡುಗೆಮನೆ ಕಿಟಕಿಯ ಪುಟ್ಟಿ ತಿಂದ ಕಾಗೆಯವರಿಗೆ

ಬಂದರು ಬೀದಿಯ ದೀಪದ ಕಂಬದ ತುದಿಯಲ್ಲಿ ವಿರಾಜಮಾನರಾಗಿರುವ, ಕುತ್ತಿಗೆಯ ಬಳಿ ಒಂದು ಗರಿ ಸದಾ ನೆಟ್ಟಗೆ ನಿಂತಿರುವ ಕಾಗೆ ಮಹಾಶಯರಿಗೆ,

ಮಾನ್ಯರೇ,

ಎದುರು ಮನೆಯ ಗಾಜು ಕೂರಿಸುವವನ ಅನಂತ ನಮಸ್ಕಾರಗಳು. ತಮ್ಮ ಹೊಟ್ಟೆ ತಣ್ಣಗಿದೆಯೆಂದು ನಂಬಿದ್ದೇನೆ. ನಂಬದೆ ವಿಧಿಯಿಲ್ಲ, ಏಕೆಂದರೆ ಅದರೊಳಗೆ ಇರುವುದು ನಮ್ಮ ಅಡುಗೆಮನೆಯ ಕಿಟಕಿ.

ಕಳೆದ ಬಿರುಗಾಳಿಗೆ ಊರಿನ ಅರ್ಧ ಕಿಟಕಿಗಳು ಒಡೆದಾಗ ಕಂಡವರ ಮನೆಗೆಲ್ಲ ಗಾಜು ಕೂರಿಸಿ, ಎಲ್ಲರಿಗಿಂತ ಕೊನೆಗೆ ನಮ್ಮ ಮನೆಗೆ ಬಂದೆ. ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹೊಯ್ದು, ನಾದಿ ನಾದಿ ಬೆಣ್ಣೆಯಂತಾದ ಪುಟ್ಟಿಯನ್ನು ಗಾಜು ಅಲುಗದಂತೆ ಅದರ ಸುತ್ತ ಮೆತ್ತಿ, ಕೈ ತೊಳೆದು ಬರುವಷ್ಟರಲ್ಲಿ ತಾವು ಒಂದು ಮಗ್ಗುಲನ್ನು ಮುಗಿಸಿ ಇನ್ನೊಂದಕ್ಕೆ ಕೊಕ್ಕು ಮಸೆಯುತ್ತಿದ್ದಿರಿ. ಗಾಜು ಕಳಚಿ ಬಿದ್ದು ಚೂರುಚೂರಾಯಿತು. ಮತ್ತೆ ಕೂರಿಸಿದೆ, ಮತ್ತೆ ತಿಂದಿರಿ. ಮೆಣಸಿನ ಪುಡಿ ಬೆರೆಸಿದರೆ ಓಡಿಹೋಗುತ್ತೀರೆಂದು ಎಣಿಸಿದ್ದು ನನ್ನ ಬುದ್ಧಿಗೇಡಿತನ. ಅಂದು ತಾವು ನೆಂಟರನ್ನೂ ಕರೆತಂದಿರಿ.

ಗಾಜಿನ ಜಾಗಕ್ಕೆ ಅಡ್ಡವಿಟ್ಟ ರಟ್ಟನ್ನು ತಳ್ಳಿಕೊಂಡು ಸಮುದ್ರದ ಗಾಳಿ ನೇರವಾಗಿ ಒಲೆಗೆ ಬಡಿಯುತ್ತಿರುವುದರಿಂದ ನನ್ನಾಕೆ ಸೌಟು ಕೆಳಗಿಟ್ಟಿದ್ದಾಳೆ. "ಊರವರ ಕಿಟಕಿಗೆಲ್ಲ ಗಾಜು, ನಮ್ಮನೆಗೆ ಮಾತ್ರ ರಟ್ಟು! ಗಾಜು ನಿಲ್ಲೋವರೆಗೂ ನಾನು ಒಲೆ ಹಚ್ಚಲ್ಲ, ಏನಾದ್ರೂ ಮಾಡ್ಕೊಳ್ಳಿ," ಎಂದಿದ್ದಾಳೆ. ಹೀಗಾಗಿ ಈ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿರುವವರು ತಾವು ಮಾತ್ರ. ನಾನು ಒಣ ಬ್ರೆಡ್ಡಿನಲ್ಲಿ ದಿನ ತಳ್ಳುತ್ತಿದ್ದೇನೆ.

ಆದರೂ ತಮ್ಮ ನಾಲಿಗೆಗೆ ಶರಣು. ನನ್ನಾಕೆಯ ತಮ್ಮನೂ ಇದೇ ಕಸುಬಿನವನು, ಟ್ಯೂಬಿನ ಅಂಟು ಹಿಂಡಿ ಗಾಜು ಕೂರಿಸುತ್ತಾನೆ. ಅದನ್ನು ತಾವು ಮೂಸಿಯೂ ನೋಡುವುದಿಲ್ಲ. ನನ್ನ ಪುಟ್ಟಿಯ ಗುಣ ಬಲ್ಲವರು ಈ ಊರಲ್ಲಿ ತಾವೊಬ್ಬರಾದರೂ ಇದ್ದೀರಲ್ಲ ಎಂದು ನೆನೆದಾಗ ನಿಜಕ್ಕೂ ಎದೆ ಉಬ್ಬುತ್ತದೆ. ಆ ಉಬ್ಬಿದ ಎದೆಯ ಕೆಳಗೆ ಹೊಟ್ಟೆ ಮಾತ್ರ ಬೆನ್ನಿಗೆ ಹತ್ತಿದೆ.

ಆದ್ದರಿಂದ ತಾವು ದಯಮಾಡಿ ಪುಟ್ಟಿ ಒಣಗುವವರೆಗೆ ಉಪವಾಸವಿರಬೇಕು. ಅದಾಗದಿದ್ದರೆ ಗಾಜನ್ನು ಒಂದು ರೆಕ್ಕೆಯಿಂದ ಒತ್ತಿ ಹಿಡಿದುಕೊಂಡು ತಿನ್ನಬೇಕು. ಅದೂ ಆಗದಿದ್ದರೆ ಒಮ್ಮೆ, ಒಂದೇ ಒಂದು ಸಲ, ನನ್ನಾಕೆಯ ಎದುರಿಗೇ ಅವಳ ತಮ್ಮನ ಅಂಟನ್ನು ಚಪ್ಪರಿಸಿ ತಿಂದು ನನ್ನ ಮಾನ ಉಳಿಸಬೇಕು.

ಬ್ರೆಡ್ಡು ನುಂಗುತ್ತಿರುವ ತಮ್ಮ ವಿಶ್ವಾಸಿ,
ಗಾಜಿನವನು

ಸಹಿಯ ಕೆಳಗಿನ ಮಾತು: ಇಷ್ಟು ಬರೆದು ತಲೆ ಎತ್ತುವಷ್ಟರಲ್ಲಿ ನನ್ನಾಕೆ ತಮ್ಮನನ್ನು ಕರೆಸಿ, ಟ್ಯೂಬಿನ ಅಂಟಿನಿಂದ ಗಾಜು ಕೂರಿಸಿಯೇ ಬಿಟ್ಟಳು. ಒಲೆ ಹತ್ತಿತು. ತಾವು ಬಂದು ಒಮ್ಮೆ ಕುಕ್ಕಿ, ಮುಖ ತಿರುಗಿಸಿ ಕುಳಿತದ್ದನ್ನು ಕಂಡು ಆಕೆಯ ಕರುಳು ಚುರುಕ್ ಎಂದಿತು. ನನ್ನ ಡಬ್ಬಿಯ ಪುಟ್ಟಿಯನ್ನೇ ಉಂಡೆ ಕಟ್ಟಿ ತಮಗೆ ಹೊರಗಿಟ್ಟಿದ್ದಾಳೆ. ಒಳಗೆ ಅವಳ ತಮ್ಮ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾನೆ. ನಾನು ಇನ್ನೂ ಸ್ವಲ್ಪ ಕಾಯಬೇಕಂತೆ.