ನೇಗಿಲು, ಕುಂಬಳಕಾಯಿ, ಲಾಟೀನು

ಬೆಳಿಗ್ಗೆ ಏಳೂವರೆ. ತಿ. ನರಸೀಪುರದ ಕಲ್ಯಾಣ ಮಂಟಪವೊಂದರ ಮುಂದಿನ ಸಾಲಿನಲ್ಲಿ ಚಾಮಯ್ಯ ಖಾಲಿ ಹೊಟ್ಟೆಯಲ್ಲಿ ನಿಂತಿದ್ದ. 2003ರ ಜುಲೈ. ವಯಸ್ಸಾದವರ ಸಕ್ಕರೆ ಕಾಯಿಲೆ ಮತ್ತು ಮರೆವಿನ ಬಗ್ಗೆ ಸಂಶೋಧನೆ ಮಾಡುವವರು ಒಳಗೆ ರಕ್ತ ತೆಗೆಯುತ್ತಿದ್ದರು.

ಅವನು ಬಂದದ್ದು ಸಂಶೋಧನೆಗಲ್ಲ, ಚೀಟಿಗೆ. ಹದಿನೆಂಟು ವರ್ಷದಿಂದ ಊರಿನ ಹಾಲಿನ ಡೈರಿಗೆ ಅವನೇ ಸೆಕ್ರೆಟರಿ. ಹೋದ ತಿಂಗಳು ಡೈರಿಯ ಬೀಗದ ಕೈ ಕ್ಯಾನಿನೊಳಗೆ ಬಿದ್ದು ಹಾಲಿನ ಜೊತೆ ಮೈಸೂರಿಗೆ ಹೋಯಿತು. ಅಂದಿನಿಂದ ಅವನಿಗೆ ಅರಳುಮರಳು ಎಂದು ಊರೆಲ್ಲ ಆಡಿಕೊಂಡಿತು. ನೆನಪು ನೆಟ್ಟಗಿದೆ ಎಂದು ಚೀಟಿ ತರದಿದ್ದರೆ ಬೀಗದ ಕೈ ಹಾಲು ಪರೀಕ್ಷೆ ಮಾಡುವ ಬೆಟ್ಟಯ್ಯನಿಗೆ ಎಂದು ಅಧ್ಯಕ್ಷ ದೊಡ್ಡಸಿದ್ದಯ್ಯ ತೀರ್ಮಾನಿಸಿದ್ದ.

ಜೊತೆಗೇ ಬಂದಿದ್ದ ಬೆಟ್ಟಯ್ಯ ಮೊದಲು ಒಳಗೆ ಹೋಗಿ ಚೀಟಿ ಹಿಡಿದು ಬಂದ. ಚಾಮಯ್ಯನ ಕಿವಿಗೆ ಬಾಯಿಟ್ಟು ಹೇಳಿದ: “ಅಣ್ಣೋ, ಮೂರು ಪದ ಕೇಳ್ತಾರೆ. ನೇಗ್ಲು, ಕುಂಬಳಕಾಯಿ, ಲಾಟೀನು. ಮರೀಬ್ಯಾಡ.”

ಚಾಮಯ್ಯ ಹೊಸ ಪೂಜಾರಿಯಂತೆ ಉರುಹೊಡೆದ. ಕಬ್ಬಿಣಕ್ಕೆ ತುಕ್ಕು ಹಿಡಿಯುವ ಹಾಗೆ ಮೈಯೊಳಗೂ ಹಿಡಿಯುತ್ತದೆ, ಅದರ ಗುರುತು ರಕ್ತದಲ್ಲಿ ಸಿಗುತ್ತದೆ ಎಂದು ಡಾಕ್ಟರು ವಿವರಿಸುವಾಗಲೂ ಅವನ ತುಟಿ ಆಡುತ್ತಿತ್ತು. ರಕ್ತ ಕೊಟ್ಟಾದ ಮೇಲೆ ಆಶಾರಾಣಿ ಎಂಬ ಹುಡುಗಿ, “ಮರ, ಗಡಿಯಾರ, ನದಿ ಅನ್ನಿ” ಎಂದಳು. ಅದು ಬೇರೇನೋ ಪರೀಕ್ಷೆ ಎಂದುಕೊಂಡು ಅಂದ. ಒಬ್ಬರ ಪದ ಇನ್ನೊಬ್ಬರಿಗೆ ಕೊಡುವುದಿಲ್ಲ ಎಂಬುದು ಅವನಿಗೇನು ಗೊತ್ತು?

ಐದು ನಿಮಿಷದ ಮೇಲೆ ಅವಳು ಕೇಳಿದಳು: “ಯಜಮಾನ್ರೇ, ಆಗ ನಾನು ಹೇಳಿದ ಮೂರು ಪದ?”

“ನೇಗ್ಲು, ಕುಂಬಳಕಾಯಿ, ಲಾಟೀನು,” ಎಂದ ಚಾಮಯ್ಯ, ಎದೆಯುಬ್ಬಿಸಿ.

ಆಶಾರಾಣಿ ಸೊನ್ನೆ ಬರೆದು, ‘ಮರೆವು’ ಗುಂಪಿನ ಚೀಟಿ ಕೊಟ್ಟಳು. ಚಾಮಯ್ಯ ಮಾನ ಬಿಟ್ಟು, ಪದ ಹೇಳಿಕೊಟ್ಟವನು ಬೆಟ್ಟಯ್ಯ ಎಂದು ಒಪ್ಪಿಕೊಂಡು, ಅವನನ್ನು ಕೈಹಿಡಿದು ಒಳಗೆ ಎಳೆತಂದ.

“ಯೋಳ್ಲಾ ಬೆಟ್ಟ, ಆ ಪದ ನೀನೇ ಯೋಳಿದ್ದಲ್ವಾ?”

ನೆನಪು ನೆಟ್ಟಗಿದೆ ಎಂಬ ಚೀಟಿಯನ್ನು ಬೆಟ್ಟಯ್ಯ ಜೇಬಿನಲ್ಲಿ ಒಮ್ಮೆ ಮುಟ್ಟಿ ನೋಡಿಕೊಂಡ. “ಯಾವ ಪದ ಅಣ್ಣ? ನಂಗೆ ಗ್ಯಾನ್ವೇ ಇಲ್ವಲ್ಲ.”

ಆಶಾರಾಣಿ ಚಾಮಯ್ಯನ ಕಡೆ ಕನಿಕರದಿಂದ ನೋಡಿ, ಮನೆಯಲ್ಲಿ ಒಬ್ಬರನ್ನೇ ಬಿಡಬೇಡಿ ಎಂದು ಬೆಟ್ಟಯ್ಯನಿಗೆ ಹೇಳಿದಳು. ಆಗಲಿ ಎಂದು ಅವನು ತಲೆಯಾಡಿಸಿದ. ಸಂಜೆ ಹಾಲಿನ ಹೊತ್ತಿಗೆ ಬೀಗದ ಕೈ ಅವನ ಸೊಂಟದಲ್ಲಿತ್ತು.

ಮೂರು ತಿಂಗಳ ಮೇಲೆ ಚಾಮಯ್ಯನ ಹೆಸರಿಗೆ ಡೈರಿಯ ವಿಳಾಸದಲ್ಲಿ ಪತ್ರ ಬಂತು. ರಕ್ತದ ಗುರುತುಗಳು ಕಾಯಿಲೆಯಿಲ್ಲದವರ ಮಟ್ಟದಲ್ಲೇ ಇವೆ, ನೆನಪಿನ ಪರೀಕ್ಷೆಗೆ ಮತ್ತೊಮ್ಮೆ ಬರಬೇಕು ಎಂದಿತ್ತು. ಸೆಕ್ರೆಟರಿ ಬೆಟ್ಟಯ್ಯ ಸಹಿ ಹಾಕಿ ಅದನ್ನು ತೆಗೆದುಕೊಂಡ. ಕೊಡುವುದನ್ನು ಮರೆತ.