ಜಪಾನಿನ ದೇವರಿಗೆ ನಮ್ಮತ್ತೆಯ ನಮಸ್ಕಾರ

ನಮ್ಮತ್ತೆ ಜೊತೆಗಿದ್ದರೆ ಸರ್ವೋಗೆ, ಅಂದರೆ ಪೆಟ್ರೋಲ್ ಬಂಕಿಗೆ, ಹೋದರೂ ಏನಾದರೊಂದು ಆಗಿಯೇ ಆಗುತ್ತದೆ. ಅಂಥವರನ್ನು ಜಪಾನಿಗೆ ಕರೆದುಕೊಂಡು ಹೋದರೆ ಕೇಳಬೇಕೆ? ಮೈಸೂರಿಂದ ಆಸ್ಟ್ರೇಲಿಯಾದ ಇಪ್ಸ್‌ವಿಚ್‌ನ ನಮ್ಮನೆಗೆ ಬಂದಿದ್ದರು. ಮಗಳಿಗೆ ಸ್ಕೂಲ್ ರಜೆ ಬಂತು. ನಾನು, ನನ್ನವರು, ಮಗಳು, ಅತ್ತೆ, ಎಲ್ಲರೂ ಬ್ರಿಸ್ಬೇನಿನಲ್ಲಿ ವಿಮಾನ ಹತ್ತಿದೆವು. ಕ್ಯೋಟೋದ ಒಂದು ದೇವಸ್ಥಾನದಲ್ಲಿ ಶುರುವಾಯಿತು ನೋಡಿ.

ತೀರ್ಥ

ಬಾಗಿಲ ಹತ್ತಿರ ಕಲ್ಲಿನ ತೊಟ್ಟಿ, ಅದರ ಮೇಲೆ ಬಿದಿರಿನ ಸೌಟುಗಳು. ಕೈ ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಹೋಗಬೇಕು. ನಾನು ಹೇಳುವಷ್ಟರಲ್ಲಿ ಅತ್ತೆ ಅಂಗೈಯಲ್ಲಿ ನೀರು ಹಿಡಿದು, ಕಣ್ಣು ಮುಚ್ಚಿ ಕುಡಿದು, ಒದ್ದೆ ಕೈಯನ್ನು ತಲೆಗೆ ಸವರಿಕೊಂಡಾಗಿತ್ತು.

"ಅಮ್ಮಾ, ಅದು ಬಾಯಿ ಮುಕ್ಕಳಿಸೋ ನೀರು!" ಅಂದರು ನನ್ನವರು.

ಅತ್ತೆ ತುಟಿ ಚಪ್ಪರಿಸಿದರು. "ಅದಕ್ಕೇ ಅಂದ್ಕೊಂಡೆ, ಪಚ್ಚಕರ್ಪೂರಾನೇ ಹಾಕಿಲ್ವಲ್ಲಾ ಅಂತ."

ಭವಿಷ್ಯ

ಒಳಗೆ ಭವಿಷ್ಯದ ಚೀಟಿ ಎತ್ತುವ ಜಾಗ. ನನ್ನವರಿಗೆ 'ಕೆಟ್ಟ ಕಾಲ' ಅಂತ ಬಂತು. ಅಂಥ ಚೀಟಿಯನ್ನು ಅಲ್ಲಿನ ಹಗ್ಗಕ್ಕೆ ಕಟ್ಟಿ ಬಂದುಬಿಟ್ಟರೆ ದೋಷ ಅಲ್ಲೇ ಉಳಿಯುತ್ತಂತೆ. ಸಾಫ್ಟ್‌ವೇರಿನವರು, ಬಿಡಬೇಕಲ್ಲ! "ಇನ್ನೊಂದ್ಸಲ ಟೆಸ್ಟ್ ಮಾಡ್ತೀನಿ" ಅಂದರು. ಈ ಸಲ 'ತುಂಬ ಕೆಟ್ಟ ಕಾಲ'. ಮತ್ತೆ ಡಬ್ಬಿಗೆ ಕೈ ಹಾಕಿದಾಗ ಮಗಳು ತೋಳು ಹಿಡಿದು ಎಳೆದಳು. "ಸ್ಟಾಪ್ ಇಟ್, ಡ್ಯಾಡ್! ಗಾಡ್ ಈಸ್ ಗೆಟಿಂಗ್ ಆಂಗ್ರಿ!"

ಪ್ರದಕ್ಷಿಣೆ

ಅಲ್ಲಿ ದೇವರ ಮುಂದೆ ಬಾಗಿ, ಚಪ್ಪಾಳೆ ತಟ್ಟಿ, ಮತ್ತೆ ಬಾಗಿದರೆ ಮುಗಿಯಿತು. ಅತ್ತೆಗೆ ಸಮಾಧಾನವಾಗಲಿಲ್ಲ. "ಒಂದು ಪ್ರದಕ್ಷಿಣೇನೂ ಹಾಕ್ದೆ ಹೋಗೋದಾ?" ಎಂದು ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಪಕ್ಕದ ಪುಟ್ಟ ಗುಡಿಯನ್ನು ಸುತ್ತಲು ಹೊರಟೇಬಿಟ್ಟರು. ನೋಡುತ್ತಿದ್ದ ಇಬ್ಬರು ಹುಡುಗಿಯರು, ಇದೇ ಪದ್ಧತಿ ಇರಬೇಕು ಅಂತ, ಶೂ ಬಿಚ್ಚಿ ಹಿಂದೆ ಸೇರಿಕೊಂಡರು. ಅವರ ಹಿಂದೆ ಒಂದು ಪ್ರವಾಸಿ ಗುಂಪೇ ಬಂತು. ಅತ್ತೆಯ ಚಪ್ಪಲಿ ಪಕ್ಕ ಶೂಗಳ ಸಾಲು ಬೆಳೆಯಿತು.

ಅಷ್ಟರಲ್ಲಿ ಅರ್ಚಕರು ಹೊರಗೆ ಬಂದರು. ಬೈಸಿಕೊಂಡೆವು ಅಂದುಕೊಂಡೆ. ಅವರು ಅತ್ತೆಯನ್ನು ನೋಡಿದರು, ಹಿಂದಿನ ಮೆರವಣಿಗೆ ನೋಡಿದರು, ನಗುತ್ತಾ ತಲೆಬಾಗಿ ದಾರಿ ಬಿಟ್ಟರು. ಅತ್ತೆಯ ಮುಖ ನೋಡಬೇಕಿತ್ತು!

ಸಾಲಿನ ಕೊನೆಯಲ್ಲಿ ಪರ್ತ್‌ನ ದಢೂತಿ ಮನುಷ್ಯನೊಬ್ಬ ಏದುಸಿರು ಬಿಡುತ್ತಿದ್ದ. "ಇನ್ನೆಷ್ಟು ಸುತ್ತಂತೆ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದ. ಅತ್ತೆಗೆ ಮುಟ್ಟಿಸಿದೆ. ಅವರು ನಡೆಯುತ್ತಲೇ ತಿರುಗಿ ಅವನ ಕಾಲು ನೋಡಿದರು.

"ನಮಗೆಲ್ಲ ಮೂರು ಸಾಕು. ಅವ್ನೊಬ್ಬ ಶೂ ಹಾಕ್ಕೊಂಡೇ ಸುತ್ತಿದಾನಲ್ಲ, ಐದು ಅಂತ ಹೇಳು!"

ಹೇಳಿದೆ. ಪುಣ್ಯಾತ್ಮ, ಐದೂ ಹಾಕಿದ.