ಸ್ಪ್ಯಾನಿಷ್ ಸರ್ವನಾಮಕ್ಕೊಂದು ಸೀಟು

ಯಾರು ಎಲ್ಲಿ ಕೂರಬೇಕು ಎಂಬ ವಿಷಯದಲ್ಲಿ ನಾನು ಮೊದಲಿನಿಂದಲೂ ಸ್ವಲ್ಪ ಸೂಕ್ಷ್ಮ. ನನ್ನ ಅಜ್ಜ ಗೇಣಿ ಕೊಡಲು ಹೋದಾಗ ಒಡೆಯರ ಜಗಲಿ ಹತ್ತಿದವರಲ್ಲ, ಅಂಗಳದಲ್ಲೇ ನಿಂತು ಬಂದವರು. ಹಾಗಾಗಿ ಮನೆತನದಲ್ಲಿ ಮೊದಲು ಡಿಗ್ರಿ ಮಾಡಿದ ನಾನು ಮದುವೆ ಮನೆಯಾಗಲಿ, ಬಸ್ಸಾಗಲಿ, ಮುಂದಿನ ಸೀಟನ್ನೇ ಹುಡುಕಿ ಕೂರುತ್ತೇನೆ. ಹೆಂಡತಿ ಇದನ್ನು ಜಂಬ ಎನ್ನುತ್ತಾಳೆ. ಇರಬಹುದು. ಆದರೆ ಆ ಡಿಗ್ರಿ ಸುಮ್ಮನೆ ಬಂದದ್ದಲ್ಲ.

ಸಾಗರದಿಂದ ಹೊಸನಗರದ ಮೇಲೆ ಹಾದು ತೀರ್ಥಹಳ್ಳಿಯ ಕಾಲೇಜೊಂದಕ್ಕೆ ದಿನಾ ಹೋಗಿಬರುವ ಅತಿಥಿ ಉಪನ್ಯಾಸಕ ನಾನು. ಅತಿಥಿ ಎಂದರೆ ಯಾವಾಗ ಬೇಕಾದರೂ ಎದ್ದು ಹೋಗಬೇಕಾದವನು. ಇಂಗ್ಲಿಷ್ ಪಿರಿಯಡ್‌ಗಳು ಕೈತಪ್ಪಿದ ಮೇಲೆ, ಆನ್‌ಲೈನಿನಲ್ಲಿ ಕಷ್ಟಪಟ್ಟು ಕಲಿತ ಸ್ಪ್ಯಾನಿಷ್ಷೇ ನನ್ನನ್ನು ಉಳಿಸಿತ್ತು. ಆ ಸರ್ಟಿಫಿಕೇಟ್ ಕೋರ್ಸ್ ನಡೆದರೆ ನಾನಿದ್ದೇನೆ, ನಿಂತರೆ ಮನೆಗೆ. ಹೀಗಿರುವಾಗ ಪ್ರಿನ್ಸಿಪಾಲರು ಕರೆದು, ಆಡಳಿತ ಮಂಡಳಿ ಅಧ್ಯಕ್ಷರ ಸೊಸೆ ಮ್ಯಾಡ್ರಿಡ್‌ನಲ್ಲಿದ್ದು ಬಂದವರೆಂದೂ, ಬುಧವಾರ ನನ್ನ ಪಾಠ ಕೇಳುತ್ತಾರೆಂದೂ, ಕೋರ್ಸ್ ಇರಬೇಕೋ ಬೇಡವೋ ಅವರೇ ಹೇಳುತ್ತಾರೆಂದೂ ತಿಳಿಸಿದರು. ಬುಧವಾರದ ಪಾಠ ಯಾವುದು? ‘ನನಗೆ’, ‘ಅದನ್ನು’ ಎಂಬಂಥ ಪುಟ್ಟ ಸರ್ವನಾಮಗಳನ್ನು ಕ್ರಿಯಾಪದದ ಯಾವ ಕಡೆ ಕೂರಿಸಬೇಕು ಎಂಬುದು. ಕನ್ನಡದಲ್ಲಿ ನಾವು ಅವನ್ನು ಹೇಳುವುದೇ ಅಪರೂಪ. ‘ಕೊಟ್ಯಾ?’ ‘ಕೊಟ್ಟೆ.’ ಅಲ್ಲಿಗೆ ಮುಗಿಯಿತು.

ಬುಧವಾರ ಬೆಳಿಗ್ಗೆ ಬಸ್ಸಿನಲ್ಲಿ ಪುಸ್ತಕ ಬಿಡಿಸಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಹೊಸನಗರದಲ್ಲಿ ಒಬ್ಬ ತಾನು ಹತ್ತುವ ಮೊದಲೇ ಮೂಟೆಯನ್ನು ಬಾಗಿಲಿಗೆ ಅಡ್ಡ ಇಟ್ಟ. ಕಂಡಕ್ಟರ್ ಗಣಪಣ್ಣ, “ಮೊದ್ಲು ನೀ ಹತ್ತು ಮಾರಾಯ, ಚೀಲ ಆಮೇಲೆ” ಎಂದು ಗದರಿಸಿದ. ನನಗೋ ಅದೂ ಒಂದು ಕಿರಿಕಿರಿ.

ತರಗತಿಯಲ್ಲಿ ಸೊಸೆ ಮೇಡಂ ಪ್ರಿನ್ಸಿಪಾಲರ ಜೊತೆ ಕೊನೆಯ ಬೆಂಚಿನಲ್ಲಿ ಕೈಕಟ್ಟಿ ಕೂತರು. ನಾನು ನಿಯಮ ಹೇಳುತ್ತಾ ಹೋದೆ. ನನ್ನ ದನಿ ನನಗೇ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು. ವಿನುತಾ ಎಂಬ ಹುಡುಗಿ ಎದ್ದು, “ಸರ್, ಸೋಮವಾರ ಸರ್ವನಾಮ ಮೊದಲು ಬರ್ತದೆ ಅಂದ್ರಿ, ಇವತ್ತು ಕೊನೆಗೆ ಅಂತೀರಿ. ಯಾವ್ದು ಬರ್ಕೊಳ್ಳದು?” ಎಂದಳು. ಯಾರೋ ಕಿಸಕ್ಕೆಂದರು. ಮೇಡಂ ನಗಲಿಲ್ಲ, ಅದೇ ಹೆದರಿಕೆ. ತಲೆಯಲ್ಲಿ ಏನೂ ಇಲ್ಲ, ಗಣಪಣ್ಣನ ಕೂಗೊಂದನ್ನು ಬಿಟ್ಟು.

ಬೇರೆ ದಾರಿ ಇರಲಿಲ್ಲ. ಬೋರ್ಡಿನ ಮೇಲೆ ಎಡಕ್ಕೆ ಮುಖ ಮಾಡಿದ ಒಂದು ಬಸ್ಸು ಬರೆದೆ. ಕ್ರಿಯಾಪದವೇ ಬಸ್ಸು ಎಂದೆ. ಸಾದಾ ಮಾತಿನಲ್ಲಿ ಸರ್ವನಾಮಗಳಿಗೆ ಮುಂಬಾಗಿಲು, ಅಲ್ಲೂ ಮನುಷ್ಯ ಮೊದಲು, ಚೀಲ ಆಮೇಲೆ. ‘ಮೆ ಲೋ ದಾ’, ನನಗೆ ಅದನ್ನು ಕೊಡುತ್ತಾನೆ: ‘ಮೆ’ ಮನುಷ್ಯ, ‘ಲೋ’ ಚೀಲ, ‘ದಾ’ ಬಸ್ಸು. ಅಪ್ಪಣೆ ಕೊಟ್ಟರೆ ಮಾತ್ರ ಇಬ್ಬರೂ ಹಿಂಬಾಗಿಲಿಗೆ ಹೋಗಿ ಬಸ್ಸಿಗೇ ಅಂಟಿಕೊಂಡು ನಿಲ್ಲಬೇಕು. ‘ದಾಮೆಲೊ’, ಕೊಡು ನನಗೆ ಅದನ್ನು. ಹುಡುಗರು ಬರೆದುಕೊಳ್ಳತೊಡಗಿದರು. ಅಷ್ಟರಲ್ಲಿ ಮೇಡಂ ಬಾಯಿ ಬಿಟ್ಟರು.

“ಕೊಡಬೇಡ ಅನ್ನೋದಾದ್ರೆ?”

ಬೋರ್ಡಿನ ಬಸ್ಸಿನ ಮುಂಬಾಗಿಲಿಗೆ ಚಾಕ್‌ಪೀಸ್ ಇಟ್ಟೆ. “ಬೇಡ ಅಂದ ಕೂಡಲೇ ಇಬ್ಬರೂ ಮತ್ತೆ ಮುಂಬಾಗಿಲಿಗೆ ಬರ್ತಾರೆ ಮೇಡಂ. ‘ನೋ ಮೆ ಲೋ ದೆಸ್.’”

ಅವರು ಪ್ರಿನ್ಸಿಪಾಲರ ಕಡೆ ತಿರುಗಿ, “ಕೋರ್ಸ್ ಇರ್ಲಿ. ಬಸ್ಸೂ ಇರ್ಲಿ” ಎಂದರು.

ಸಂಜೆ ನಾನು ಬಸ್ಸು ಹತ್ತಿದ ಗತ್ತನ್ನು ನೀವು ನೋಡಬೇಕಿತ್ತು. ಡ್ರೈವರನ ಹಿಂದಿನ ಮೊದಲ ಸೀಟು, ಕಿಟಕಿ ಪಕ್ಕ. ಹೆಂಡತಿಗೆ ಫೋನು ಮಾಡಿ, ಪಕ್ಕದವರಿಗೂ ಕೇಳುವಷ್ಟು ದನಿಯಲ್ಲಿ ಸುದ್ದಿ ಹೇಳಿದೆ. ಹೊಸನಗರದಲ್ಲಿ ವಯಸ್ಸಾದ ಹೆಂಗಸೊಬ್ಬರು ಮೊದಲು ತಾವು ಹತ್ತಿ, ಆಮೇಲೆ ಚೀಲ ಎಳೆದುಕೊಂಡರು. ಗಣಪಣ್ಣ ನನ್ನ ಭುಜ ತಟ್ಟಿದ.

“ಮೇಷ್ಟ್ರೇ, ಏಳಿ. ಹಿಂದೆ ಹೋಗಿ.”

ಅಪ್ಪಣೆಯೇನೋ ಬಂತು. ಎದ್ದು ಹೋಗಿ ಹಿಂಬಾಗಿಲ ಕಂಬಿಗೆ ಸಂದಿಲ್ಲದಂತೆ ಅಂಟಿಕೊಂಡೆ. ಆ ಅಮ್ಮನಾದರೂ ‘ಬೇಡ ಬಿಡಿ, ಪಾಪ’ ಎಂದಾರು, ನಿಯಮದ ಪ್ರಕಾರ ಮುಂದೆ ಬರಬಹುದು ಎಂದು ಕಿವಿ ನಿಗುರಿಸಿಕೊಂಡೇ ನಿಂತಿದ್ದೆ. ಸಾಗರ ಬರುವವರೆಗೂ ಯಾರೂ ಬೇಡ ಎನ್ನಲಿಲ್ಲ.